ಮಿಲ್ಲಿನ ಮೇಲೆ ಸೋಲಾರ್: ತಗಡು ಅಳೆಯುವ ಮೊದಲು ಬಿಲ್ ತೆಗೆಯಿರಿ

ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ತೊಗರಿ ಬೇಳೆ ಮಿಲ್ ಇದೆ. ಮಂಜೂರಾದ ಲೋಡ್ 100 ಕಿಲೋವ್ಯಾಟ್. ತಗಡಿನ ಶೆಡ್ 12 ಸಾವಿರ ಚದರಡಿ. ಸೋಲಾರ್ ಹಾಕಿಸಲು ಮೂವರು ಕೊಟೇಶನ್ ಕೊಟ್ಟಿದ್ದಾರೆ. ಒಬ್ಬರು 60, ಒಬ್ಬರು 80, ಇನ್ನೊಬ್ಬರು 100 ಕಿಲೋವ್ಯಾಟ್ ಅನ್ನುತ್ತಾರೆ. ‘ಜಾಗ ಇದೆಯಲ್ಲ, ತುಂಬಿಸಿಬಿಡಿ’ ಅನ್ನೋದು ಮೂರನೆಯವರ ವಾದ. ಯಾರ ಮಾತು ಕೇಳಲಿ? ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು? ಒಂದು ವರ್ಷದ ಬಿಲ್ ಕಳಿಸಿದ್ದೇನೆ.

ಉತ್ತರ: ಬಿಲ್ ಕಳಿಸಿ ಒಳ್ಳೇದು ಮಾಡಿದಿರಿ. ಆ ಮೂವರಲ್ಲಿ ಎಷ್ಟು ಜನ ಬಿಲ್ ಕೇಳಿದರು? ನನ್ನ ಅನುಭವದಲ್ಲಿ ಹೆಚ್ಚಿನವರು ಟೇಪ್ ಹಿಡಿದು ಸೀದಾ ಏಣಿ ಹತ್ತುತ್ತಾರೆ.

ನಿಮ್ಮ ಬಿಲ್‌ಗಳಲ್ಲಿ ಮೂರು ಕಾಲ ಕಾಣುತ್ತದೆ. ಹೊಸ ತೊಗರಿ ಬಂದ ಮೇಲೆ ಜನವರಿಯಿಂದ ಮೇವರೆಗೆ ತಿಂಗಳಿಗೆ ಸುಮಾರು 15,500 ಯೂನಿಟ್ ಉರಿದಿದೆ. ಜೂನ್, ಜುಲೈ, ನವೆಂಬರ್, ಡಿಸೆಂಬರ್‌ನಲ್ಲಿ 7 ಸಾವಿರದ ಆಸುಪಾಸು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಿಲ್ ಬಹುತೇಕ ಮಲಗಿರುತ್ತದೆ, ತಿಂಗಳಿಗೆ 3,500 ಯೂನಿಟ್ ಅಷ್ಟೇ.

ಈಗ ಸೋಲಾರ್ ಲೆಕ್ಕ. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್‌ನಿಂದ ವರ್ಷಕ್ಕೆ ಸುಮಾರು 1,400 ಯೂನಿಟ್ ಸಿಗುತ್ತದೆ ಅಂತ ಹಿಡಿಯಿರಿ. ದಿನಕ್ಕೆ ಸರಾಸರಿ 4 ಯೂನಿಟ್ ಅಂದ ಹಾಗಾಯ್ತು. ಫೆಬ್ರವರಿಯಿಂದ ಮೇವರೆಗೆ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ನೆಟ್ ಮೀಟರಿಂಗ್‌ನಲ್ಲಿ ನೀವು ಬಳಸಿ ಉಳಿದದ್ದು ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಲೈನಿಗೆ ಹೋಗುತ್ತದೆ, ತಿಂಗಳ ಬಿಲ್ಲಿನಲ್ಲಿ ಅಷ್ಟು ಯೂನಿಟ್ ಕಳೆಯುತ್ತಾರೆ. ತಿಂಗಳ ಕೊನೆಗೆ ಹೆಚ್ಚುವರಿ ಉಳಿದರೆ ಅದಕ್ಕೆ ಸಿಗುವ ದರ ನೀವು ಕೊಡುವ ದರಕ್ಕಿಂತ ಕಡಿಮೆ. ಅಂದರೆ ನಿಮ್ಮ ರೋಲ್ ತಿರುಗಿಸಿದ ಯೂನಿಟ್‌ಗೆ ಒಂದು ಬೆಲೆ, ಹೀಗೆ ಹೆಚ್ಚಾಗಿ ಹೊರಗೆ ಹೋದ ಯೂನಿಟ್‌ಗೆ ಇನ್ನೊಂದು ಸಸ್ತಾ ಬೆಲೆ.

60 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ 84 ಸಾವಿರ ಯೂನಿಟ್. ಅದರಲ್ಲಿ 7–8 ಸಾವಿರ ಮಾತ್ರ ಹೊರಗೆ ಹೋಗುತ್ತದೆ. 100 ಹಾಕಿದರೆ 1 ಲಕ್ಷ 40 ಸಾವಿರ ಬರುತ್ತದೆ, ಆದರೆ 33 ಸಾವಿರದಷ್ಟು ಹೊರಗೆ. ಇನ್ನೊಂದು ರೀತಿ ನೋಡಿ. ಹೆಚ್ಚಿಗೆ ಹಾಕುವ ಆ 40 ಕಿಲೋವ್ಯಾಟ್ ಕೊಡುವುದು 56 ಸಾವಿರ ಯೂನಿಟ್. ಅದರಲ್ಲಿ ಹತ್ತಿರಹತ್ತಿರ ಅರ್ಧ ಸಸ್ತಾ ದರಕ್ಕೆ ಮಾರಾಟ. ರೊಕ್ಕ ಮಾತ್ರ ಪೂರ್ತಿ ನಿಮ್ಮದು. ನಾನಾದರೆ 60ಕ್ಕೆ ನಿಲ್ಲುತ್ತೇನೆ. ಮುಂದೆ ಇನ್ನೊಂದು ಲೈನ್ ಹಾಕುವ ಯೋಚನೆ ಇದ್ದರೆ ಕೇಬಲ್ ದಾರಿ ಮತ್ತು ಎಸಿ ಸ್ವಿಚ್ ಬೋರ್ಡಿನಲ್ಲಿ ಜಾಗ ಬಿಡಿಸಿಡಿ, ಸಾಕು.

ಕೇಂದ್ರದ 2021ರ ನಿಯಮದಲ್ಲಿ ನೆಟ್ ಮೀಟರಿಂಗ್ ಮಿತಿ ಹೀಗಿದೆ: 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹಾಗಾಗಿ 100 ಹಾಕಲು ಅಡ್ಡಿಯಿಲ್ಲ. ಹಾಕಬಹುದು ಅನ್ನೋದು ಬೇರೆ, ಹಾಕಬೇಕು ಅನ್ನೋದು ಬೇರೆ ಅಲ್ವಾ?

ಇನ್ನು ಶೆಡ್ ಮೇಲೆ ಹತ್ತೋಣ. ಈಗ ಸಿಗುವ 550 ವ್ಯಾಟ್ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, 28 ಕೆ.ಜಿ. ಆಸುಪಾಸು ತೂಕ. 60 ಕಿಲೋವ್ಯಾಟ್‌ಗೆ 110 ಪ್ಯಾನೆಲ್ ಬೇಕು. ಮೂರು ಟನ್ ಭಾರ. ಓಡಾಡುವ ದಾರಿ ಸೇರಿ 4 ಸಾವಿರ ಚದರಡಿ ಹಿಡಿಯುತ್ತದೆ. ಒಟ್ಟು ಭಾರಕ್ಕಿಂತ ನನಗೆ ಗಾಳಿಯ ಚಿಂತೆ ಜಾಸ್ತಿ. ಬೇಸಿಗೆಯ ಗುಡುಗು ಮಳೆಗೆ ಮುಂಚೆ ಬರುವ ಗಾಳಿ ಪ್ಯಾನೆಲನ್ನು ಕೆಳಗಿನಿಂದ ಎತ್ತುತ್ತದೆ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಗಾಳಿಯ ಒತ್ತಡ ಲೆಕ್ಕ ಹಾಕಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಕಾಗದ ಕೇಳಿ. ಪ್ಯಾನೆಲ್ ಕೂರುವ ರೈಲಿನ ಸ್ಕ್ರೂ ಬರೀ ತಗಡನ್ನು ಹಿಡಿದಿದ್ದರೆ ಸಾಲದು, ಕೆಳಗಿನ ಪರ್ಲಿನ್ (ತಗಡನ್ನು ಹೊರುವ ಅಡ್ಡಪಟ್ಟಿ) ಕಚ್ಚಿರಬೇಕು. ತಗಡು 15 ವರ್ಷ ಹಳೆಯದಾಗಿದ್ದು ಬೋಲ್ಟಿನ ಸುತ್ತ ತುಕ್ಕು ಕಂಡರೆ ಮೊದಲು ತಗಡು ಬದಲಿಸಿ. ನಾಲ್ಕು ವರ್ಷದ ನಂತರ ಸೋರುತ್ತದೆ ಅಂತ 110 ಪ್ಯಾನೆಲ್ ಇಳಿಸಿ ಹತ್ತಿಸುವ ಖರ್ಚು ಕೇಳಿದರೆ ನಿದ್ದೆ ಬರುವುದಿಲ್ಲ. ಶೆಡ್ಡಿನ ಸ್ವಲ್ಪ ಭಾಗ ಸಿಮೆಂಟ್ ಶೀಟ್ ಇದ್ದರೆ ಅದನ್ನು ಬಿಟ್ಟುಬಿಡಿ. ಕಾಲಿಟ್ಟರೆ ಒಡೆಯುವ ವಸ್ತು ಅದು.

ನೆರಳಿನ ವಿಷಯದಲ್ಲಿ ಒಂದು ಮಾತು. ನಿಮ್ಮ ಫೋಟೊದಲ್ಲಿ ದಕ್ಷಿಣದ ಕಡೆ ಕಾಳು ಮೇಲೆತ್ತುವ ಎಲಿವೇಟರ್ ಗೋಪುರ ತಗಡಿಗಿಂತ ಹದಿನೈದು ಅಡಿಯಷ್ಟು ಮೇಲೆದ್ದಿದೆ. ಕೊಟೇಶನ್ ಕೊಡಲು ಬಂದವರು ಮೇ ತಿಂಗಳಲ್ಲಿ ಬಂದಿದ್ದರಂತೆ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಗ ಯಾವ ಗೋಪುರದ ನೆರಳೂ ಕಾಣುವುದಿಲ್ಲ! ಡಿಸೆಂಬರ್ ಕೊನೆಗೆ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 49 ಡಿಗ್ರಿಗಿಂತ ಮೇಲೇರುವುದಿಲ್ಲ. ಹದಿನೈದು ಅಡಿ ಗೋಪುರಕ್ಕೆ ಹದಿಮೂರು ಅಡಿ ನೆರಳು. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಆ ಸಾಲಿನ ಉತ್ಪಾದನೆಯನ್ನೇ ಎಳೆದು ಇಳಿಸುತ್ತದೆ. ಗೋಪುರದ ಉತ್ತರಕ್ಕಿರುವ ಜಾಗ ಖಾಲಿ ಬಿಡಿಸಿ. ಹಾಗೆಯೇ ನಿಮ್ಮ ಪ್ಯಾನೆಲ್ ಸ್ಟ್ಯಾಂಡಿನ ನೆರಳು ಎಣ್ಣೆ ಹಚ್ಚಿದ ತೊಗರಿ ಒಣಗಿಸುವ ಅಂಗಳಕ್ಕೆ ಬೀಳದಂತೆ ನೋಡಿಕೊಳ್ಳಿ. ಬಿಸಿಲು ನಿಮಗೆ ಎರಡು ಕಡೆ ಬೇಕು.

ಕೆಲಸದ ಕ್ರಮ ಹೀಗಿರಲಿ. ಮೊದಲು ವಿನ್ಯಾಸ, ಸಿಂಗಲ್ ಲೈನ್ ಡ್ರಾಯಿಂಗ್ (ವೈರಿಂಗ್ ನಕ್ಷೆ). ಆಮೇಲೆ ಜೆಸ್ಕಾಂಗೆ ಅರ್ಜಿ. ಅವರು ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುತ್ತದೆಯೇ ಅಂತ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಒಪ್ಪಂದಕ್ಕೆ ಸಹಿ. ಒಪ್ಪಿಗೆ ಬರುವ ಮೊದಲೇ ಸಾಮಾನು ಇಳಿಸುವವರಿದ್ದಾರೆ, ಬೇಡ. ಪ್ಯಾನೆಲ್ ಕೇಂದ್ರದ ಎಎಲ್‌ಎಂಎಂ (ಒಪ್ಪಿಗೆ ಪಡೆದ ಮಾದರಿ ಮತ್ತು ತಯಾರಕರ) ಪಟ್ಟಿಯಲ್ಲಿರುವ ಮಾದರಿಯೇ ಆಗಿರಲಿ, ಇಲ್ಲದಿದ್ದರೆ ನೆಟ್ ಮೀಟರ್ ಹಂತದಲ್ಲಿ ಸಿಕ್ಕಿಬೀಳುತ್ತೀರಿ. ಇಷ್ಟು ದೊಡ್ಡ ಘಟಕಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯೂ ಇರುತ್ತದೆ. ಮೇಲೆ ಜೋಡಿಸುವ ಕೆಲಸ ಎರಡು ವಾರದ್ದು. ಕಾಗದ ಪತ್ರ, ಮೀಟರ್ ಬದಲಾವಣೆ ಎಲ್ಲ ಸೇರಿ ಮೂರು ನಾಲ್ಕು ತಿಂಗಳು ಇಟ್ಟುಕೊಳ್ಳಿ. ಮಿಲ್ ಮಲಗಿರುವ ಆಗಸ್ಟ್‌ನಲ್ಲಿ ಶುರು ಮಾಡಿದರೆ ತೊಗರಿ ಹಂಗಾಮಿಗೆ ಸಿದ್ಧ.

ಪ್ಯಾನೆಲಿನ ಡಿಸಿ ಕರೆಂಟನ್ನು ಎಸಿ ಮಾಡುವ ಇನ್ವರ್ಟರ್ ಎಲ್ಲಿ ಕೂರಿಸುತ್ತಾರೆ ಅಂತಲೂ ಕೇಳಿ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕೇಬಲ್ ಉಳಿಯುತ್ತದೆ ಅಂತ ಒಂದು ಮಿಲ್ಲಿನಲ್ಲಿ ಪಡುವಣ ಗೋಡೆಗೆ ಇನ್ವರ್ಟರ್ ಹಾಕಿಸಿದೆ. ಮೇ ತಿಂಗಳಲ್ಲಿ ಮಾಲೀಕರ ಫೋನ್: ‘ಬಿಸಿಲು ಕೆಂಡದಂಗದ, ಕರೆಂಟ್ ಯಾಕ ಇಳೀತದ?’ ಹೋಗಿ ನೋಡಿದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇನ್ವರ್ಟರ್ ಮೈ ಮುಟ್ಟಲಾಗದಷ್ಟು ಕಾದಿತ್ತು. ತನ್ನನ್ನು ಉಳಿಸಿಕೊಳ್ಳಲು ತಾನೇ ಉತ್ಪಾದನೆ ತಗ್ಗಿಸುತ್ತಿತ್ತು. ಫ್ಯಾನ್ ಜಾಲರಿ ತೆಗೆದರೆ ಒಳಗೆ ತೊಗರಿ ಹೊಟ್ಟಿನ ಪುಡಿ ಕಂಬಳಿಯಂತೆ ಹಾಸಿಕೊಂಡಿತ್ತು. ಕೊನೆಗೆ ನನ್ನ ಖರ್ಚಿನಲ್ಲೇ ಉತ್ತರದ ಗೋಡೆಗೆ ಸರಿಸಿ ಮೇಲೊಂದು ತಗಡು ಹೊದಿಸಿದೆ. ಪ್ಯಾನೆಲ್‌ಗೂ ಬಿಸಿ ಆಗದು. ಅದರ ಮೇಲೆ ಬರೆದಿರುವ 550 ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಪ್ಯಾನೆಲ್ 65 ಡಿಗ್ರಿ ಕಾದರೆ ಡಿಗ್ರಿಗೆ ಶೇ 0.35ರಂತೆ ಶೇ 14 ಅಲ್ಲೇ ಹೋಯ್ತು. ತಗಡಿಗೂ ಪ್ಯಾನೆಲ್‌ಗೂ ನಡುವೆ ಗಾಳಿ ಆಡುವ ಸಂದು ಬೇಕು ಅನ್ನುವುದು ಇದಕ್ಕೇ.

ಕೊಟೇಶನ್‌ನಲ್ಲಿ ಯಾರೂ ಬರೆಯದ ಇನ್ನೊಂದು ಸಂಗತಿ ಪವರ್ ಫ್ಯಾಕ್ಟರ್, ಅಂದರೆ ಲೈನಿನಿಂದ ಎಳೆದ ಒಟ್ಟು ಪವರ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು. ನಿಮ್ಮ ಮೋಟಾರುಗಳು 60 ಕಿಲೋವ್ಯಾಟ್ ಎಳೆಯುವಾಗ ಪವರ್ ಫ್ಯಾಕ್ಟರ್ 0.9 ಇದ್ದರೆ, ಜೊತೆಗೆ 29 ಕೆವಿಎಆರ್ ರಿಯಾಕ್ಟಿವ್ ಪವರ್ (ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕಾದ, ನೇರ ಕೆಲಸ ಮಾಡದ ಪವರ್) ಕೂಡ ಎಳೆಯುತ್ತಿರುತ್ತವೆ. ಮಧ್ಯಾಹ್ನ ಸೋಲಾರ್ 45 ಕಿಲೋವ್ಯಾಟ್ ಕೊಟ್ಟಿತು ಅನ್ನಿ. ಲೈನಿನಿಂದ ಬರುವುದು 15 ಕಿಲೋವ್ಯಾಟ್ ಮಾತ್ರ, ಆದರೆ ಆ 29 ಹಾಗೇ ಉಳಿಯಿತು. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.46! ಬಿಲ್‌ನಲ್ಲಿ ದಂಡ ಬಿತ್ತು. ‘ಸೋಲಾರ್ ಹಾಕಿದ ಮೇಲೆ ದಂಡ ಶುರುವಾಯ್ತು’ ಅಂತ ಗೊಣಗುವವರ ಕತೆ ಬಹಳ ಸಲ ಇದೇ. ಇನ್ವರ್ಟರನ್ನೇ ರಿಯಾಕ್ಟಿವ್ ಪವರ್ ಕೊಡುವಂತೆ ಸೆಟ್ ಮಾಡಬಹುದು, ಇಲ್ಲವೇ ಕೆಪಾಸಿಟರ್ ಪ್ಯಾನೆಲ್ ಸರಿ ಮಾಡಿಸಬೇಕು. ಇದನ್ನು ಆರ್ಡರ್‌ನಲ್ಲೇ ಬರೆಸಿ. ಫಿಕ್ಸೆಡ್ ಚಾರ್ಜ್ ಕೂಡ ಸೋಲಾರ್‌ನಿಂದ ಕರಗುವುದಿಲ್ಲ. ಉಳಿತಾಯ ಲೆಕ್ಕ ಹಾಕುವಾಗ ಒಟ್ಟು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿ ತೋರಿಸಿದರೆ ಒಪ್ಪಬೇಡಿ. ಎನರ್ಜಿ ಚಾರ್ಜ್ ಸಾಲಿನ ದರ ಹಿಡಿದೇ ಲೆಕ್ಕ ಕೇಳಿ.

ಚಾಲೂ ಮಾಡುವ ದಿನ ನೀವೇ ಹತ್ತಿರ ನಿಲ್ಲಿ. ಹದಿನೆಂಟು ಪ್ಯಾನೆಲ್ ಸಾಲಾಗಿ ಸೇರಿದರೆ 800–900 ವೋಲ್ಟ್ ಡಿಸಿ. ಪ್ರತಿ ಸಾಲಿನ ವೋಲ್ಟೇಜ್, ಮೆಗ್ಗರ್ ಟೆಸ್ಟ್ (ವೈರಿನ ಇನ್ಸುಲೇಷನ್ ಪರೀಕ್ಷೆ), ಅರ್ಥಿಂಗ್ ರೀಡಿಂಗ್ ಬರೆದ ಹಾಳೆ ಕೈಗೆ ಬರಲಿ. ಡಿಸಿ, ಎಸಿ, ಸಿಡಿಲು ರಕ್ಷಕ, ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಇರಬೇಕು. ಕನೆಕ್ಟರ್ ಜೋಡಿ ಎರಡೂ ಒಂದೇ ಕಂಪನಿಯದಾ ಅಂತ ಕಣ್ಣಾಡಿಸಿ. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ಸೇರಿಸಿದ ಕಡೆಯೇ ಕಾದು ಸುಡುವುದು.

ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಸಣ್ಣ ಆಸ್ಪತ್ರೆ. 30 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆ, ನೆತ್ತಿ ಮೇಲೆ ಬಿಸಿಲಿದ್ದರೂ ಡೀಸೆಲ್ ಸುಡಬೇಕು. ಮೋಸ ಹೋದೆವಾ?

ಉತ್ತರ: ಮೋಸವಲ್ಲ, ಆದರೆ ಮೊದಲೇ ಹೇಳಬೇಕಿತ್ತು. ಲೈನ್ ಆಫ್ ಆದಾಗ ಇನ್ವರ್ಟರ್ ತಾನಾಗಿ ನಿಲ್ಲಲೇಬೇಕು. ನಿಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಹೋದ ಕರೆಂಟ್ ಹೊಡೆಯುತ್ತದೆ. ಜನರೇಟರ್ ಜೊತೆ ಸೋಲಾರ್ ಓಡಿಸಬಹುದು. ಅದಕ್ಕೆ ನಡುವೆ ಒಂದು ಕಂಟ್ರೋಲರ್ ಬೇಕು. ಜನರೇಟರ್ ಮೇಲೆ ಕನಿಷ್ಠ ಶೇ 30ರಷ್ಟು ಲೋಡ್ ಉಳಿಯುವಂತೆ ಅದು ಸೋಲಾರನ್ನು ತಗ್ಗಿಸುತ್ತದೆ. ಕಂಟ್ರೋಲರ್ ಇಲ್ಲದೆ ಸುಮ್ನೆ ಜೋಡಿಸಿದರೆ ಕರೆಂಟ್ ಜನರೇಟರಿಗೇ ತಿರುಗಿ ನುಗ್ಗುತ್ತದೆ. ಐಸಿಯು, ಆಪರೇಷನ್ ಥಿಯೇಟರ್‌ಗೆ ಸಣ್ಣ ಬ್ಯಾಟರಿ ವ್ಯವಸ್ಥೆ ಬೇರೆಯೇ ಇರಲಿ. ಇಡೀ ಕಟ್ಟಡಕ್ಕೆ ಬ್ಯಾಟರಿ ಹಾಕುವ ಆಸೆ ಬೇಡ.

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಇದೆ. ಒಂದು ಕಂಪನಿ ‘ಒಂದು ಪೈಸೆ ಹಾಕಬೇಡಿ, ಪ್ಯಾನೆಲ್ ನಮ್ಮದು, ಯೂನಿಟ್ ಲೆಕ್ಕದಲ್ಲಿ ಕೊಡಿ, 25 ವರ್ಷದ ಒಪ್ಪಂದ’ ಅನ್ನುತ್ತಿದೆ. ಒಪ್ಪಬಹುದೇ?

ಉತ್ತರ: ವರ್ಷವಿಡೀ ಓಡುವ ಕೋಲ್ಡ್ ಸ್ಟೋರೇಜ್ ಆಗಿದ್ದರೆ ಒಪ್ಪಿ ಅನ್ನುತ್ತಿದ್ದೆ. ನಿಮ್ಮದು ಹತ್ತಿ ಬಂದಾಗ ಮಾತ್ರ ಓಡುವ ಮಿಲ್. ಒಪ್ಪಂದದಲ್ಲಿ ‘ಬಳಸಿದರೂ ಬಿಟ್ಟರೂ ಉತ್ಪಾದನೆಗೆ ಹಣ’ ಅನ್ನುವ ಕಲಮು ಹುಡುಕಿ, ಅದು ಎಲ್ಲೋ ಹನ್ನೆರಡನೇ ಪುಟದಲ್ಲಿರುತ್ತದೆ. ಮಿಲ್ ಮುಚ್ಚಿರುವ ತಿಂಗಳುಗಳಿಗೂ ನೀವು ಕಟ್ಟಬೇಕಾಗುತ್ತದೆ. ವರ್ಷಕ್ಕಿಷ್ಟು ದರ ಏರಿಕೆ, ಮಧ್ಯದಲ್ಲಿ ಬಿಟ್ಟರೆ ದಂಡ, ತಗಡು ಸೋರಿದರೆ ಯಾರ ಹೊಣೆ, ಇವನ್ನೂ ಓದಿ. ಇನ್ನೊಂದು, ಸ್ವಂತಕ್ಕೆ ಹಾಕಿದರೆ ಆದಾಯ ತೆರಿಗೆಯಲ್ಲಿ ಶೇ 40 ಸವಕಳಿ ಸಿಗುತ್ತದೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅದರ ಅರ್ಧ. ಕಂಪನಿ ಹಾಕಿದರೆ ಆ ಲಾಭ ಕಂಪನಿಗೆ. ನಿಮ್ಮ ಲೆಕ್ಕ ಪರಿಶೋಧಕರ ಜೊತೆ ಕೂತು ಮಾತಾಡಿ, ಆಮೇಲೆ ಸಹಿ.

ಪ್ರಶ್ನೆ: ಹುಮನಾಬಾದ್ ಹತ್ತಿರ ಪೆಟ್ರೋಲ್ ಬಂಕ್ ಇದೆ. ಸೋಲಾರ್‌ಗೆ 78 ಸಾವಿರ ಸಬ್ಸಿಡಿ ಸಿಗುತ್ತದಂತೆ, ನಿಜವೇ?

ಉತ್ತರ: ಅದು 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯದು. ಮನೆಗಳಿಗೆ ಮಾತ್ರ. ವಾಣಿಜ್ಯ ಮೀಟರಿಗೆ ಇಲ್ಲ. ‘ಕೊಡಿಸುತ್ತೇನೆ’ ಅಂದವರಿಗೆ ಅಡ್ವಾನ್ಸ್ ಕೊಡಬೇಡಿ. ಆದರೆ 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೇ ಕೊಟೇಶನ್ ಇದ್ದರೆ ತಿದ್ದಿಸಿ. ಬಂಕಿನ ಕ್ಯಾನೋಪಿ (ಪಂಪುಗಳ ಮೇಲಿನ ಚಾವಣಿ) ಮೇಲೆ ಹಾಕುವುದಾದರೆ ತೈಲ ಕಂಪನಿಯ ಲಿಖಿತ ಒಪ್ಪಿಗೆ ಮೊದಲು.

ಪ್ರಶ್ನೆ: ಸೇಡಂನಲ್ಲಿ ನಮ್ಮ ಗೋದಾಮಿನ ಮೇಲೆ 40 ಕಿಲೋವ್ಯಾಟ್ ಇದೆ. ಸಿಮೆಂಟ್ ಧೂಳು ವಿಪರೀತ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಉತ್ತರ: ನಿಮ್ಮ ಧೂಳು ಸಾಮಾನ್ಯ ಧೂಳಲ್ಲ. ರಾತ್ರಿ ಇಬ್ಬನಿ ಬಿದ್ದರೆ ಅದು ಗಾರೆಯಂತೆ ಕಚ್ಚುತ್ತದೆ. ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು. ನಸುಕಿನಲ್ಲಿ ತೊಳೆಯಿರಿ, ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಹೊಡೆಯಬೇಡಿ. ಬೋರಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ. ಮಳೆ ನೀರು ಹಿಡಿದಿಟ್ಟರೆ ಅದೇ ಬೆಸ್ಟು, ಇಲ್ಲವೇ ಆರ್‌ಒ ನೀರು, ಮೆತ್ತನೆ ಬ್ರಷ್. ಎಷ್ಟು ದಿನಕ್ಕೊಮ್ಮೆ ಅಂತ ನಾನು ಹೇಳುವುದಕ್ಕಿಂತ ನಿಮ್ಮ ಮಾಳಿಗೆಯೇ ಹೇಳಲಿ. ಮೊದಲು ಎರಡು ಸಾಲು ತೊಳೆಯಿರಿ, ಆಮೇಲೆ ಒಂದು ಸಾಲನ್ನು ದಿನಾ ತೊಳೆದು ಪಕ್ಕದ ಸಾಲು ಹಾಗೇ ಬಿಡಿ. ದಿನಾ ಮಧ್ಯಾಹ್ನ 12ಕ್ಕೆ ಮೊಬೈಲ್ ಆ್ಯಪ್‌ನಲ್ಲಿ ಎರಡೂ ಸಾಲಿನ ಆಂಪಿಯರ್ ನೋಡಿ. ನೂರಕ್ಕೆ ಐದರಷ್ಟು ವ್ಯತ್ಯಾಸ ಬರಲು ಎಷ್ಟು ದಿನ ಬೇಕಾಯ್ತೋ, ಅಷ್ಟು ದಿನಕ್ಕೊಮ್ಮೆ ಆಳು ಕರೆಸಿ.