ಅಲಸಂಡೆ ಬಳ್ಳಿಯಲ್ಲಿ ಓಡಾಡುವ ಆ ಕೇಸರಿ ಹುಳ ಯಾವ್ದು, ಎಲ್ಲಿ ವಾಸ, ಮದ್ದು ಬಿಡ್ಬೇಕಾ? ಪಕ್ಕದಲ್ಲಿ ಬದನೆಯೂ ಉಂಟು.

ಮದ್ದು ಬಿಡ್ಬೇಡಿ ಮಾರಾಯ್ರೆ, ಅದು ಗಿಡದ ರಸ ಹೀರುವ ಸಣ್ಣ ಹೇನುಗಳನ್ನು ತಿನ್ನುವ ಹುಳ! ಕೇಸರಿ ಮೈ, ಬೆನ್ನಲ್ಲಿ ಕಪ್ಪು ಗೆರೆ, ಬಳ್ಳಿ ತುದಿಯಲ್ಲಿ ಸುತ್ತಾಡ್ತಾ ಉಂಟು ಅಂತ ನೀವು ಬರೆದದ್ದು ನೋಡಿದ್ರೆ ಅದು ಗುಲಗಂಜಿ ಹುಳ, ಅದ್ರಲ್ಲೂ ಚೀಲೋಮಿನಿಸ್ ಸೆಕ್ಸ್‌ಮ್ಯಾಕ್ಯುಲೇಟ ಅಂತ ಹೇಳುವ ಜಾತಿಯೇ ಇರ್ಬೇಕು. ಗ್ಯಾರಂಟಿ ಮಾಡ್ಲಿಕ್ಕೆ ಹತ್ರ ಹೋಗಿ ನೋಡಿ, ಒಂದೊಂದು ರೆಕ್ಕೆಯಲ್ಲೂ ಅಂಕುಡೊಂಕು ಗೆರೆ ಎರಡು, ಹಿಂದೆ ತುದಿ ಹತ್ರ ಚುಕ್ಕೆ ಒಂದು. ಮೈ ಬಣ್ಣ ಹಳದಿಯೂ ಇರ್ತದೆ, ಕೆಂಪೂ ಇರ್ತದೆ, ಅದನ್ನು ನಂಬ್ಬೇಡಿ.

ಎಲ್ಲಿ ವಾಸ ಅಂತ ಕೇಳಿದ್ರಲ್ಲ, ಹೇನು ಎಲ್ಲಿ ಉಂಟೋ ಅಲ್ಲಿ, ಅಷ್ಟೇ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವ, ನಮ್ಮಲ್ಲಿ ಗದ್ದೆ ಕೊಯ್ಲು ಆದ ಮೇಲೆ ಅಲಸಂಡೆ ಸೌತೆ ಬೆಂಡೆ ಎಲ್ಲ ಹಾಕ್ತಾರೆ, ಆಗ ಅಲಸಂಡೆಯ ಕುಡಿ, ಹೂವಿನ ತೊಟ್ಟು, ಎಳೆ ಕಾಯಿ ಎಲ್ಲ ಕಪ್ಪು ಹೇನು ಮುತ್ತಿ ಅಂಟಂಟು ಆಗ್ತದೆ, ಅದರ ಹಿಂದೆಯೇ ಇವು ಹಾರಿ ಬರ್ತವೆ, ಯಾರೂ ಕರೀಬೇಕು ಅಂತಿಲ್ಲ. ಜಡಿಮಳೆಗೆ ಹೇನು ತೊಳೆದು ಹೋಗ್ತದಲ್ಲ, ಹಾಗಾಗಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸಿಗುದು ಕಮ್ಮಿ. ಹಾಗಂತ ನಮ್ಮೂರಿನದ್ದು ಮಾತ್ರ ಅಲ್ಲ, ಬಯಲುಸೀಮೆಯ ಜೋಳ ಹತ್ತಿ ಹೊಲದಲ್ಲೂ ಇದೇ, ಶ್ರೀಲಂಕಾ ಇಂಡೋನೇಷಿಯಾ ಜಪಾನಿನವರೆಗೂ ಇದೇ.

ಮುಖ್ಯ ವಿಷಯ ಮರಿಯದ್ದು. ಎಲೆಯಲ್ಲಿ ಹಳದಿ ಮೊಟ್ಟೆ ಗುಂಪಾಗಿ ನಿಲ್ಲಿಸಿ ಇಟ್ಟಿರ್ತದೆ, ಅದ್ರಿಂದ ಬರುವ ಮರಿಗೆ ರೆಕ್ಕೆ ಇಲ್ಲ, ಚಂದವೂ ಇಲ್ಲ, ಬೂದುಗಪ್ಪು ಮೈ, ಅಲ್ಲಲ್ಲಿ ಬಿಳಿ ಕಲೆ, ಆರು ಕಾಲು, ನೋಡ್ಲಿಕ್ಕೆ ಮೊಸಳೆ ಮರಿ ಹಾಗೆ. ಇದೆಂತದೋ ಕೆಟ್ಟ ಹುಳ ಅಂತ ಜನ ಹೊಸಕಿ ಬಿಡುದು ಇದನ್ನೇ! ಹೇನನ್ನು ಒಂದೊಂದೇ ಹಿಡಿದು ತಿನ್ನುದ್ರಲ್ಲಿ ಇದು ದೊಡ್ಡ ಹುಳಕ್ಕೆ ಏನೂ ಕಮ್ಮಿ ಇಲ್ಲ. ಹೇನು ಮುಗಿದ್ರೆ ತಮ್ಮದೇ ಜಾತಿಯ ಮೊಟ್ಟೆಯನ್ನೂ ತಿಂತವೆ, ಆ ವಿಷಯದಲ್ಲಿ ನಾಚಿಕೆ ಇಲ್ಲ ಅವಕ್ಕೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಎರಡು ಮೂರು ವಾರ. ಕೈಯಲ್ಲಿ ಹಿಡಿದ್ರೆ ಕಾಲಿನ ಗಂಟಿನಿಂದ ಹಳದಿ ನೀರು ಬಿಡ್ತದೆ, ಹೆದ್ರಬೇಡಿ, ಅದು ಕಹಿ, ಬಾಯಿಗೆ ಹಾಕಿದ ಹಕ್ಕಿ ಉಗುಳ್ಲಿ ಅಂತ.

ಬಳ್ಳಿಯಲ್ಲಿ ಇರುವೆ ಸಾಲು ಉಂಟಾ ನೋಡಿ. ಹೇನು ಬಿಡುವ ಸಿಹಿ ಅಂಟಿಗೋಸ್ಕರ ಇರುವೆಗಳು ಹೇನನ್ನು ಕಾವಲು ಕಾಯ್ತವೆ, ಗುಲಗಂಜಿ ಹುಳ ಬಂದ್ರೆ ಓಡಿಸ್ತವೆ. ಇರುವೆ ಹತ್ತುದನ್ನು ನಿಲ್ಲಿಸಿ, ಹೇನು ತುಂಬ ಉಂಟು ಅಂತಾದ್ರೆ ಪೈಪಿನಲ್ಲಿ ಜೋರು ನೀರು ಬಿಡಿ, ಮನೆ ಖರ್ಚಿನ ಬಳ್ಳಿಗೆ ಅಷ್ಟು ಸಾಕು ನನ್ನ ಪ್ರಕಾರ.

ಒಂದೇ ಜಾಗ್ರತೆ, ಪಕ್ಕದಲ್ಲಿ ಬದನೆ ಉಂಟು ಅಂದ್ರಲ್ಲ, ಅದ್ರಲ್ಲಿ ಇದರ ಸಂಬಂಧಿಕನೇ ಒಂದು ಬರ್ತದೆ, ಹೊಳಪಿಲ್ಲದ ಮಣ್ಣು ಬಣ್ಣ, ಮೈ ತುಂಬ ಸಣ್ಣ ರೋಮ, ಚುಕ್ಕೆ 28ರವರೆಗೂ ಇರ್ತದೆ, ಮರಿ ಹಳದಿ, ಮೈಯೆಲ್ಲ ಮುಳ್ಳು. ಅದು ಹೇನು ತಿನ್ನುದಲ್ಲ, ಎಲೆ ಕೆರೆದು ನರ ಮಾತ್ರ ಉಳಿಸ್ತದೆ, ಹಾಗಲಕ್ಕೂ ಹತ್ತುದುಂಟು. ಅದನ್ನು ಬೆಳಿಗ್ಗೆ ಹೆಕ್ಕಿ ಸೋಪು ನೀರಿಗೆ ಹಾಕಿ.