ಫೋನ್ ಸೇರುತ್ತದೆ, ನೆಟ್ ಬರುವುದಿಲ್ಲ: ಲಿನಕ್ಸ್ ಲ್ಯಾಪ್‌ಟಾಪಿನ ವೈಫೈ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರಿಂದ ಬಂದ, ಒಂದಕ್ಕೊಂದು ಹತ್ತಿರದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದರೂ, ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇವೆ.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಅಡತಿ ಅಂಗಡಿ ಇದೆ. ಫೈಬರ್ ಸಂಪರ್ಕದ ಪೆಟ್ಟಿಗೆ ಮುಂದಿನ ಗಲ್ಲಾದ ಹತ್ತಿರವಿದ್ದು, ಅದರ ವೈಫೈ ಹಿಂದಿನ ಗೋದಾಮಿಗೆ ಮುಟ್ಟುವುದಿಲ್ಲ. ಆದ್ದರಿಂದ ಉದ್ದನೆಯ ಲ್ಯಾನ್ ಕೇಬಲ್ ಎಳೆದು ಗೋದಾಮಿನಲ್ಲಿರುವ ಉಬುಂಟು ಲ್ಯಾಪ್‌ಟಾಪಿಗೆ ಜೋಡಿಸಿದ್ದೇವೆ. ಲ್ಯಾಪ್‌ಟಾಪಿನಲ್ಲಿ ನೆಟ್ ಚೆನ್ನಾಗಿ ಬರುತ್ತದೆ. ಹಾಟ್‌ಸ್ಪಾಟ್ ಹಾಕಿದರೆ ಗುಮಾಸ್ತರ ಫೋನುಗಳು ಸೇರಿಕೊಳ್ಳುತ್ತವೆ, ಆದರೆ 'ಇಂಟರ್ನೆಟ್ ಇಲ್ಲ' ಎಂದು ತೋರಿಸುತ್ತವೆ. ಮಗ ಕಾಲೇಜಿನ ಪ್ರಾಜೆಕ್ಟಿಗೆಂದು ಅದೇ ಲ್ಯಾಪ್‌ಟಾಪಿನಲ್ಲಿ ಡಾಕರ್ ಹಾಕಿಕೊಂಡಿದ್ದಾನೆ. ರಿಪೇರಿ ಮಾಡುವವರು ಲಿನಕ್ಸ್ ತೆಗೆಸಿ ವಿಂಡೋಸ್ ಹಾಕಿಸಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ವಿಂಡೋಸ್ ಹಾಕಿಸುವ ಖರ್ಚು ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿಯೇ ಉತ್ತರದ ಸುಳಿವು ಇದೆ, ಅದು ಕೊನೆಯಿಂದ ಎರಡನೆಯ ಸಾಲಿಗೂ ಮೊದಲು ನೀವು ಸುಮ್ಮನೆ ಹೇಳಿ ಬಿಟ್ಟ ಡಾಕರ್ ಎಂಬ ಹೆಸರಿನಲ್ಲಿ. ಆದರೂ ಊಹೆಯ ಮೇಲೆ ಕೈಹಾಕುವ ಮೊದಲು ನೆಟ್ ಎಲ್ಲಿಯವರೆಗೆ ಬಂದು ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಹಂತಹಂತವಾಗಿ ನೋಡಿಕೊಳ್ಳಬೇಕು.

ಹಾಟ್‌ಸ್ಪಾಟ್ ಹಾಕಿದ ಲ್ಯಾಪ್‌ಟಾಪು ಮೂರು ಕೆಲಸ ಮಾಡುತ್ತದೆ. ತನ್ನ ವೈಫೈ ಕಾರ್ಡಿನಿಂದ ಒಂದು ಹೆಸರಿನ ಸಂಕೇತವನ್ನು ಹೊರಡಿಸುತ್ತದೆ. ಸೇರಿಕೊಂಡ ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಹಂಚುತ್ತದೆ. ಆ ಫೋನಿನಿಂದ ಬಂದ ಬೇಡಿಕೆಯನ್ನು ತನ್ನ ಹೆಸರಿನಲ್ಲಿ ಕೇಬಲ್ ಕಡೆಗೆ ದಾಟಿಸಿ, ಮರಳಿ ಬಂದ ಉತ್ತರವನ್ನು ಅದೇ ಫೋನಿಗೆ ತಲುಪಿಸುತ್ತದೆ. ಉಬುಂಟುವಿನಲ್ಲಿ ಇವೆಲ್ಲವನ್ನೂ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ, ವಿಳಾಸ ಹಂಚುವುದಕ್ಕೆ ಡಿಎನ್‌ಎಸ್‌ಮಾಸ್ಕ್ ಎಂಬ ಇನ್ನೊಂದರ ನೆರವು ಪಡೆಯುತ್ತದೆ. ಫೋನು ಸೇರುತ್ತಿದೆ ಎಂದರೆ ಮೊದಲನೆಯ ಕೆಲಸ ನಡೆದಿದೆ.

ಎರಡನೆಯದನ್ನು ಫೋನಿನಲ್ಲಿಯೇ ನೋಡಬಹುದು. ವೈಫೈ ಹೆಸರಿನ ಮುಂದಿರುವ ಸೆಟ್ಟಿಂಗ್ ಗುರುತನ್ನು ಒತ್ತಿದರೆ ಐಪಿ ವಿಳಾಸ ಕಾಣುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ತಾನಾಗಿ ಹಂಚುವ ವಿಳಾಸಗಳು 10.42.0 ಎಂದು ಆರಂಭವಾಗುತ್ತವೆ, 10.42.0.1 ಎಂಬುದು ಲ್ಯಾಪ್‌ಟಾಪಿನದು. ಫೋನಿಗೆ ಅದೇ ಸಾಲಿನ ಬೇರೊಂದು ಸಂಖ್ಯೆ ಸಿಕ್ಕಿದ್ದರೆ ಎರಡನೆಯ ಕೆಲಸವೂ ಸರಿ. 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂಬಲ್ಲಿಯೇ ಫೋನು ನಿಂತಿದ್ದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಆ ಬೇಡಿಕೆಯನ್ನು ತಡೆಯುತ್ತಿರಬಹುದು. 'ಸುಡೋ ಯುಎಫ್‌ಡಬ್ಲ್ಯೂ ಡಿಸೇಬಲ್' ಎಂದು ಒಂದು ನಿಮಿಷ ಅದನ್ನು ನಿಲ್ಲಿಸಿ ನೋಡಿ, ಮರೆಯದೆ ಮತ್ತೆ 'ಎನೇಬಲ್' ಮಾಡಿ. ತಪ್ಪು ಅಲ್ಲಿಯೇ ಇತ್ತೆಂದು ಖಚಿತವಾದರೆ ವಿಳಾಸ ಹಂಚುವ 67 ಮತ್ತು ಹೆಸರು ಹುಡುಕುವ 53ನೆಯ ಪೋರ್ಟುಗಳಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು, ಫೈರ್‌ವಾಲನ್ನು ಪೂರ್ತಿ ತೆಗೆದುಹಾಕಬೇಕಾಗಿಲ್ಲ.

ವಿಳಾಸ ಸಿಕ್ಕಿದೆ, ಆದರೂ ನೆಟ್ ಇಲ್ಲ ಎಂದಾಗ ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ಬ್ರೌಸರಿನಲ್ಲಿ ಯಾವುದೇ ಹೆಸರಿನ ಬದಲು 1.1.1.1 ಎಂಬ ಅಂಕಿಗಳನ್ನಷ್ಟೇ ಬರೆದು ತೆರೆಯಿರಿ. ಪುಟ ತೆರೆದರೆ ದಾರಿ ಸರಿಯಿದೆ, ಹೆಸರಿನಿಂದ ಅಂಕಿ ಹುಡುಕುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ ಎಂದರ್ಥ. ಅದೂ ತೆರೆಯದಿದ್ದರೆ ಮೂರನೆಯ ಕೆಲಸ, ಅಂದರೆ ದಾಟಿಸುವುದು, ನಿಂತಿದೆ. ನಿಮ್ಮಲ್ಲಿ ಹೀಗೆಯೇ ಆಗಿರಬೇಕೆಂದು ನನ್ನ ಅಂದಾಜು.

ಕಾರಣ ಇಷ್ಟು. ಡಾಕರ್ ಎಂದರೆ ತಂತ್ರಾಂಶಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ ಪ್ರತ್ಯೇಕವಾಗಿ ಓಡಿಸುವ ಸಾಧನ. ಅದು ತನ್ನ ಒಳಗಿನ ಪೆಟ್ಟಿಗೆಗಳಿಗೆ ಹೊರಗಿನವರು ನುಸುಳಬಾರದೆಂದು, ಯಂತ್ರದ ಮೂಲಕ ಹಾದುಹೋಗುವ ಸಂಚಾರವನ್ನು ಒಟ್ಟಾರೆ ತಡೆಯುವ ನಿಯಮವನ್ನು ತಾನೇ ಹಾಕಿಬಿಡುತ್ತದೆ. ನಿಮ್ಮ ಗುಮಾಸ್ತರ ಫೋನಿನಿಂದ ಕೇಬಲ್ ಕಡೆಗೆ ಹೊರಟ ಬೇಡಿಕೆಯೂ ಅಂಥ ಹಾದುಹೋಗುವ ಸಂಚಾರವೇ ಆದ್ದರಿಂದ ಅದೂ ಬಾಗಿಲಲ್ಲಿಯೇ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಸ್ವಂತ ಸಂಚಾರಕ್ಕೆ ಈ ನಿಯಮ ತಾಗುವುದಿಲ್ಲ, ಅದಕ್ಕೇ ಅದರಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಟರ್ಮಿನಲ್ಲಿನಲ್ಲಿ 'ಸುಡೋ ಐಪಿಟೇಬಲ್ಸ್' ಎಂದು ಬರೆದು, ಒಂದು ಅಡ್ಡಗೆರೆ ಹಾಗೂ ದೊಡ್ಡಕ್ಷರದ ಎಲ್, ಬಳಿಕ ಎಲ್ಲ ದೊಡ್ಡಕ್ಷರಗಳಲ್ಲಿ 'ಫಾರ್ವರ್ಡ್' ಎಂದು ಸೇರಿಸಿ ಎಂಟರ್ ಒತ್ತಿ. ಬರುವ ಉತ್ತರದ ಮೊದಲ ಸಾಲಿನ ಆವರಣದೊಳಗೆ 'ಪಾಲಿಸಿ ಡ್ರಾಪ್' ಎಂದಿದ್ದರೆ ಕಳ್ಳ ಸಿಕ್ಕಂತೆ.

ಡಾಕರ್ ಸೇವೆಯನ್ನು ನಿಲ್ಲಿಸಿದ ಮಾತ್ರಕ್ಕೆ ಆ ನಿಯಮ ಹೋಗುವುದಿಲ್ಲ ಎಂಬುದನ್ನು ಗಮನಿಸಿ. ಬಹಳ ಜನ ಇಲ್ಲಿಯೇ ಎಡವಿ, ಡಾಕರಿನ ತಪ್ಪಲ್ಲವೆಂದು ತೀರ್ಮಾನಿಸಿ ಬೇರೆ ಕಡೆ ಹುಡುಕಲು ಹೋಗುತ್ತಾರೆ. ಡಾಕರ್ ತಾನಾಗಿ ಶುರುವಾಗದಂತೆ ಡಿಸೇಬಲ್ ಮಾಡಿ, ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ಹಾಟ್‌ಸ್ಪಾಟ್ ಹಾಕಿ ನೋಡಿ. ನೆಟ್ ಬಂದರೆ ಮುಂದಿನ ತೀರ್ಮಾನ ಮನೆಯೊಳಗಿನದು. ಮಗನಿಗೆ ಡಾಕರ್ ಬೇಕೇ ಬೇಕೆಂದಾದರೆ, ಬಳಕೆದಾರರ ನಿಯಮಗಳಿಗೆಂದೇ ಡಾಕರ್ ಬಿಟ್ಟಿರುವ 'ಡಾಕರ್-ಯೂಸರ್' (ಎಲ್ಲ ದೊಡ್ಡಕ್ಷರ) ಎಂಬ ನಿಯಮಗಳ ಸರಪಳಿಯಲ್ಲಿ ವೈಫೈ ಕಾರ್ಡಿನಿಂದ ಬರುವ ಮತ್ತು ಅದರ ಕಡೆಗೆ ಹೋಗುವ ಸಂಚಾರಕ್ಕೆ ಅನುಮತಿ ಕೊಡುವ ಎರಡು ಸಾಲು ಸೇರಿಸಲು ಹೇಳಿ. ಮರುಚಾಲನೆಯಾದಾಗಲೆಲ್ಲ ಈ ಸಾಲುಗಳು ಅಳಿಸಿಹೋಗುವುದರಿಂದ ಅವುಗಳನ್ನು ಯಂತ್ರ ಶುರುವಾದಾಗ ತಾನಾಗಿ ಓಡುವಂತೆ ಇಡಬೇಕು. ಪ್ರಾಜೆಕ್ಟ್ ಮಾಡುವ ಹುಡುಗನಿಗೆ ಅದು ಕಷ್ಟವಾಗಲಾರದು.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಸುಗ್ಗಿಯ ದಿನಗಳಲ್ಲಿ ತೂಕದ ಚೀಟಿ, ಹಣ ಸಂದಾಯ ಎಲ್ಲವೂ ಫೋನಿನ ಮೇಲೆಯೇ ನಡೆಯುವಾಗ, ಮುಚ್ಚಳ ಹಾಕಿದರೆ ನಿದ್ದೆ ಹೋಗುವ ಲ್ಯಾಪ್‌ಟಾಪಿನ ಮೇಲೆ ಇಡೀ ಗೋದಾಮನ್ನು ನೆಚ್ಚುವುದು ತಾತ್ಕಾಲಿಕ ವ್ಯವಸ್ಥೆ ಮಾತ್ರ. ಕೇಬಲ್ ಈಗಾಗಲೇ ಎಳೆದಿದ್ದೀರಿ. ಅದರ ತುದಿಗೆ ಒಂದು ಸಾಧಾರಣ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲಿನ ನೆಟ್ಟನ್ನು ವೈಫೈಯಾಗಿ ಹರಡುವಂತೆ, ಕೂಡಿಸಿದರೆ ಲ್ಯಾಪ್‌ಟಾಪು ಬಿಡುವಾಗುತ್ತದೆ. ಕರೆಂಟು ಹೋದಾಗ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಉಳಿದರೂ ಫೈಬರ್ ಪೆಟ್ಟಿಗೆ ಆರುತ್ತದೆ, ಆದ್ದರಿಂದ ಅದಕ್ಕೊಂದು ಚಿಕ್ಕ ಯುಪಿಎಸ್ ಇರಲಿ. ಕೊಳ್ಳುವ ಮೊದಲು ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು ಮತ್ತು ಆಂಪಿಯರ್ ನೋಡಿಕೊಳ್ಳಿ. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕೆಂಬುದು ನಿಯಮ. ಹಾಗೆಂದು 1ರಿಂದ 8ರವರೆಗೆ ಅಂಕಿ ಬರೆದು ಗೋದಾಮಿನ ಬಾಗಿಲಿಗೆ ಅಂಟಿಸುವುದು ಒಳ್ಳೆಯದಲ್ಲ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಅಣ್ಣ ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡಿದ್ದೆ. ನಿನ್ನೆ ಅಪ್‌ಡೇಟ್ ಮಾಡಿದ ಮೇಲೆ ವೈಫೈ ಗುರುತೇ ಮಾಯವಾಗಿದೆ. ಹಾಸ್ಟೆಲಿನಲ್ಲಿ ಲ್ಯಾನ್ ಇಲ್ಲ. ಕಾರ್ಡು ಬ್ರಾಡ್‌ಕಾಮ್ ಬಿಸಿಎಂ43142 ಎಂದು ಗೊತ್ತು. ಕಾರ್ಡು ಸುಟ್ಟಿರಬಹುದೇ ಸರ್?

ಉತ್ತರ: ಸುಟ್ಟಿರಲಾರದು. ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಬರೆದು ನೋಡಿ. 'ಸಾಫ್ಟ್ ಬ್ಲಾಕ್ಡ್' ಎದುರು 'ಯೆಸ್' ಎಂದಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. 'ಹಾರ್ಡ್ ಬ್ಲಾಕ್ಡ್' ಎದುರು 'ಯೆಸ್' ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನಲ್ಲಿಯೋ ಕೀಲಿಮಣೆಯ ಮೇಲಿನ ಸಾಲಿನಲ್ಲಿಯೋ ಇರುವ ವೈಫೈ ಗುಂಡಿಯನ್ನು ಹುಡುಕಬೇಕು. ಇದನ್ನು ನೋಡದೆ ನಾನೊಮ್ಮೆ ಸಂಜೆಯಿಂದ ನಡುರಾತ್ರಿಯವರೆಗೆ ಎರಡು ಬಾರಿ ಲಿನಕ್ಸ್ ಮರುಸ್ಥಾಪಿಸಿದ್ದೇನೆ, ಕೊನೆಗೆ ಚೀಲದೊಳಗೆ ಉಜ್ಜಿ ಸರಿದಿದ್ದ ಒಂದು ಗುಂಡಿ ಸಿಕ್ಕಿತು. ಪಟ್ಟಿಯಲ್ಲಿ 'ವೈರ್‌ಲೆಸ್ ಲ್ಯಾನ್' ಎಂಬ ಸಾಲೇ ಇಲ್ಲದಿದ್ದರೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕೂತಿಲ್ಲ ಎಂದರ್ಥ, ನಿಮ್ಮ ಕಾರ್ಡಿನಲ್ಲಿ ಅದೇ ಹೆಚ್ಚು ಸಂಭವ.

ಈ ಕಾರ್ಡಿಗೆ ಲಿನಕ್ಸ್ ಕರ್ನಲ್ಲಿನೊಳಗೆ, ಅಂದರೆ ವ್ಯವಸ್ಥೆಯ ತಿರುಳಿನೊಳಗೆ, ಮುಕ್ತ ಡ್ರೈವರ್ ಇಲ್ಲ. ಬ್ರಾಡ್‌ಕಾಮ್ ಕಂಪನಿ ಕೊಟ್ಟ 'ಡಬ್ಲ್ಯೂಎಲ್' ಎಂಬ ಡ್ರೈವರನ್ನು ಪ್ರತಿಯೊಂದು ಕರ್ನಲ್ಲಿಗೂ ನಿಮ್ಮ ಯಂತ್ರದಲ್ಲಿಯೇ ಹೊಸದಾಗಿ ಕಟ್ಟಬೇಕಾಗುತ್ತದೆ. ಕಂಪನಿ ಆ ಡ್ರೈವರಿನ ಕೊನೆಯ ಆವೃತ್ತಿಯನ್ನು ಬಿಡುಗಡೆ ಮಾಡಿದ್ದು 2015ರಲ್ಲಿ; ಅಲ್ಲಿಂದ ಮುಂದೆ ಉಬುಂಟು, ಡೆಬಿಯನ್ ಮುಂತಾದವರು ತೇಪೆ ಹಾಕಿಕೊಂಡು ಅದನ್ನು ಹೊಸ ಕರ್ನಲ್ಲುಗಳಿಗೆ ಹೊಂದಿಸುತ್ತಾ ಬಂದಿದ್ದಾರೆ. ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದು, ಅದಕ್ಕೆ ಡ್ರೈವರ್ ಕಟ್ಟುವ ಕೆಲಸ ಯಾವುದೋ ಕಾರಣಕ್ಕೆ ವಿಫಲವಾದರೆ ಗುರುತು ಮಾಯವಾಗುತ್ತದೆ. ಪರೀಕ್ಷಿಸಲು ಸುಲಭದ ದಾರಿಯಿದೆ: ಯಂತ್ರ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ವೈಫೈ ಬಂದರೆ ರೋಗ ಪತ್ತೆಯಾಯಿತು, ಅಸೈನ್‌ಮೆಂಟ್ ಮುಗಿಸುವವರೆಗೆ ಅಲ್ಲಿಯೇ ಇರಿ.

ಸರಿಪಡಿಸಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು ಎಂಬ ಸಿಕ್ಕನ್ನು ಫೋನು ಬಿಡಿಸುತ್ತದೆ. ಚಾರ್ಜ್ ಮಾಡುವ ವೈರಿನಿಂದಲೇ ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಟೆದರಿಂಗ್' ಹಾಕಿ. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು ಯಾವ ಡ್ರೈವರನ್ನೂ ಕೇಳದೆ ನೆಟ್ ಕೊಡುತ್ತದೆ. ಟೆದರಿಂಗ್ ಗುಂಡಿ ಮಸುಕಾಗಿಯೇ ಇದ್ದರೆ ವೈರು ಬರೀ ಚಾರ್ಜಿಂಗಿನದಿರಬಹುದು, ಗೆಳೆಯರ ವೈರು ಕೇಳಿ. ಬಳಿಕ 'ಅಡಿಷನಲ್ ಡ್ರೈವರ್ಸ್' ಕಿಟಕಿ ತೆರೆದು ಬ್ರಾಡ್‌ಕಾಮ್ ಡ್ರೈವರನ್ನು ತೆಗೆದು ಮತ್ತೆ ಹಾಕಿ. ಜೊತೆಗೆ ಹೊಸ ಕರ್ನಲ್ಲಿನ ಹೆಡರ್ಸ್ ಪ್ಯಾಕೇಜು ಇದೆಯೇ ನೋಡಿ, ಅದಿಲ್ಲದೆ ಡ್ರೈವರ್ ಕಟ್ಟಲಾಗದು.

ಗುರುತಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಎಂಬ ರಕ್ಷಣೆ ಚಾಲೂ ಇರುವ ಯಂತ್ರವಾದರೆ ಸ್ಥಾಪನೆಯ ನಡುವೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಮರುಚಾಲನೆಯ ಹೊತ್ತಿಗೆ ನೀಲಿ ಪರದೆಯೊಂದು ಬಂದು ಸುಮಾರು 10 ಸೆಕೆಂಡು ಮಾತ್ರ ಕಾಯುತ್ತದೆ. ಆಗ ಯಾವುದಾದರೂ ಕೀಲಿ ಒತ್ತಿ, 'ಎನ್‌ರೋಲ್ ಮೋಕ್' ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಚಹಾ ತರಲು ಹೋಗಿ ಆ ಪರದೆ ತಪ್ಪಿಸಿಕೊಂಡವರು ಡ್ರೈವರ್ ಹಾಕಿದರೂ ವೈಫೈ ಬರಲಿಲ್ಲವೆಂದು ಪತ್ರ ಬರೆಯುತ್ತಾರೆ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಜೀನ್ಸ್ ಹೊಲಿಗೆ ಘಟಕದ ಲೆಕ್ಕಪತ್ರಕ್ಕೆ ಒಂದು ಲಿನಕ್ಸ್ ಲ್ಯಾಪ್‌ಟಾಪಿದೆ. ವೈಫೈ ಸೇರಿಕೊಂಡೇ ಇರುತ್ತದೆ, ಆದರೆ ಸ್ವಲ್ಪ ಹೊತ್ತು ಬಿಟ್ಟು ಏನಾದರೂ ತೆರೆಯಲು ಹೋದರೆ ತಡೆತಡೆದು ಬರುತ್ತದೆ. ಅದೇ ಜಾಗದಲ್ಲಿ ಫೋನಿಗೆ ಯಾವ ತೊಂದರೆಯೂ ಇಲ್ಲ.

ಉತ್ತರ: ಫೋನಿಗೆ ತೊಂದರೆ ಇಲ್ಲವೆಂದು ನೀವೇ ನೋಡಿಕೊಂಡಿರುವುದರಿಂದ ರೂಟರನ್ನು ಪಕ್ಕಕ್ಕಿಡೋಣ. ಬ್ಯಾಟರಿ ಉಳಿಸಲು ವೈಫೈ ಕಾರ್ಡು ಆಗಾಗ ತೂಕಡಿಸುವಂತೆ ಉಬುಂಟು ಮೊದಲೇ ಹೊಂದಿಸಿರುತ್ತದೆ, ಕೆಲವು ಕಾರ್ಡುಗಳು ಆ ತೂಕಡಿಕೆಯಿಂದ ಸರಿಯಾಗಿ ಏಳುವುದಿಲ್ಲ. ಇಟಿಸಿ ಕಡತಕೋಶದ ನೆಟ್‌ವರ್ಕ್‌ಮ್ಯಾನೇಜರ್ (ಎನ್ ಮತ್ತು ಎಂ ದೊಡ್ಡಕ್ಷರ) ಒಳಗೆ 'ಕಾನ್ಫ್ ಡಾಟ್ ಡಿ' ಎಂಬಲ್ಲಿ, ಹೆಸರಿನಲ್ಲಿ 'ವೈಫೈ-ಪವರ್‌ಸೇವ್' ಎಂದಿರುವ ಕಡತವಿದೆ. ಅದರಲ್ಲಿ 3 ಎಂದಿರುವುದನ್ನು 2 ಮಾಡಿ, ಉಳಿಸಿ, ನೆಟ್‌ವರ್ಕ್‌ಮ್ಯಾನೇಜರನ್ನು ಮತ್ತೆ ಶುರು ಮಾಡಿ. 3 ಎಂದರೆ ಉಳಿತಾಯ ಇರಲಿ, 2 ಎಂದರೆ ಬೇಡ. ಸದಾ ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ಈ ಉಳಿತಾಯದಿಂದ ಲಾಭವೂ ಇಲ್ಲ.

ಪ್ರಶ್ನೆ: ಕೊಪ್ಪಳದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಹಾಟ್‌ಸ್ಪಾಟನ್ನು ವೇಗಕ್ಕಾಗಿ 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಅದು ಶುರುವೇ ಆಗುವುದಿಲ್ಲ. ಕಾರ್ಡು ಇಂಟೆಲ್‌ನದು, ರೂಟರಿನ 5 ಗಿಗಾಹರ್ಟ್ಸ್ ವೈಫೈಗೆ ಸರಿಯಾಗಿ ಸೇರುತ್ತದೆ.

ಉತ್ತರ: ಸೇರುವುದಕ್ಕೂ ತಾನೇ ಸಂಕೇತ ಹೊರಡಿಸುವುದಕ್ಕೂ ವ್ಯತ್ಯಾಸವಿದೆ. ಆಯಾ ದೇಶದ ತರಂಗ ನಿಯಮಗಳನ್ನು ಮೀರಬಾರದೆಂದು ಇಂಟೆಲ್‌ನ ಬಹಳಷ್ಟು ಕಾರ್ಡುಗಳು 5 ಗಿಗಾಹರ್ಟ್ಸ್‌ನಲ್ಲಿ ತಾವಾಗಿ ಮೊದಲು ಸಂಕೇತ ಕಳಿಸುವುದಿಲ್ಲ. 'ಐಡಬ್ಲ್ಯೂ ಲಿಸ್ಟ್' ಎಂದು ಬರೆದರೆ ಬರುವ ಉದ್ದನೆಯ ಉತ್ತರದಲ್ಲಿ ಆ ತರಂಗಾಂತರಗಳ ಮುಂದೆ 'ನೋ ಐಆರ್' ಎಂದಿರುವುದನ್ನು ಕಾಣುವಿರಿ. ಇದನ್ನು ಮೀರುವ ಉಪಾಯಗಳ ಹಿಂದೆ ಹೋಗದೆ 2.4 ಗಿಗಾಹರ್ಟ್ಸ್‌ಗೆ ಮರಳಿ, 1, 6 ಅಥವಾ 11ನೆಯ ಚಾನೆಲ್‌ಗಳಲ್ಲಿ ನೆರೆಮನೆಯವರು ಕಡಿಮೆ ಬಳಸುವುದನ್ನು ಆರಿಸಿ. ನಿಮ್ಮದು ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಯಾಗಿದ್ದರೆ ಒಳಗಿನ ಕೋಣೆಯವರೆಗೆ ಮುಟ್ಟುವುದು ಹೇಗೂ 2.4 ಮಾತ್ರ. ಹಾಟ್‌ಸ್ಪಾಟಿಗೆ ನೆಟ್ ಕೂಡ ಅದೇ ಕಾರ್ಡಿನ ವೈಫೈಯಿಂದಲೇ ಬರಬೇಕೆಂದು ನೀವು ಬಯಸಿದ್ದರೆ ಅದು ಬಹುತೇಕ ಕಾರ್ಡುಗಳಲ್ಲಿ ನಡೆಯುವುದಿಲ್ಲ. ಹಾಟ್‌ಸ್ಪಾಟ್ ಹಾಕಿದೊಡನೆ ಹಿಂದಿನ ಸಂಪರ್ಕ ಕಡಿಯುತ್ತದೆ. ಲ್ಯಾಪ್‌ಟಾಪಿಗೆ ನೆಟ್ ಲ್ಯಾನ್ ಕೇಬಲಿನಿಂದಲೋ ಫೋನಿನ ಯುಎಸ್‌ಬಿ ವೈರಿನಿಂದಲೋ ಬರಲಿ.