ಬ್ರೆಕ್ಸಿಟ್ ಆದ ಮೇಲೂ ಸ್ಕಾಟ್ಲೆಂಡ್ ಏಕೆ ಬೇರೆಯಾಗಲಿಲ್ಲ?

(ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ: ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲು (ಬ್ರೆಕ್ಸಿಟ್) ತೀರ್ಮಾನಿಸಿದ 2016ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡ್‌ನ ಶೇ 62ರಷ್ಟು ಮತದಾರರು ಒಕ್ಕೂಟದಲ್ಲೇ ಉಳಿಯೋಣ ಎಂದರು. ಅಣ್ಣ ಮನೆ ಬಿಟ್ಟು ಹೊರಟರೆ ತಮ್ಮನೂ ಗಂಟುಮೂಟೆ ಕಟ್ಟಬೇಕೆ? ಸ್ಕಾಟ್ಲೆಂಡ್ ಸ್ವತಂತ್ರವಾಗುವುದು ಅಂದೇ ಖಚಿತವಾಯಿತು, ತಡವಾಗಿರುವುದು ಲಂಡನ್ನಿನ ಹಟದಿಂದ ಮಾತ್ರ. ಚೆಕೊಸ್ಲೊವಾಕಿಯಾ ಜಗಳವಿಲ್ಲದೆ ಎರಡಾಗಲಿಲ್ಲವೇ? ಇದನ್ನು ಹೇಳಲು ನಿಮ್ಮ ಪತ್ರಿಕೆಗೆ ಅಂಜಿಕೆ ಏಕೆ?)

ಮಾನ್ಯರೇ,

ನಿಮ್ಮ ಸಿಟ್ಟಿನ ಅರ್ಧ ಭಾಗ ನನ್ನದೂ ಹೌದು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್‌ನಲ್ಲಿ ಸ್ವಾತಂತ್ರ್ಯದ ಕುರಿತು ಜನಮತಗಣನೆ ನಡೆದಾಗ, ಬ್ರಿಟನ್ ಬಿಡಬೇಡಿ ಎಂದವರ ಬತ್ತಳಿಕೆಯಲ್ಲಿ ಐರೋಪ್ಯ ಒಕ್ಕೂಟವೇ ಒಂದು ಹರಿತವಾದ ಬಾಣವಾಗಿತ್ತು. ಬೇರೆಯಾದರೆ ಒಕ್ಕೂಟದ ಸದಸ್ಯತ್ವ ಹೋಗುತ್ತದೆ ಎಂದು ಹೆದರಿಸಿದರು. ಮತ್ತೆ ಸೇರುವುದು ಬಹಳ ಕಷ್ಟ, ಅಸಾಧ್ಯವೆಂದರೂ ನಡೆದೀತು ಎಂಬರ್ಥದ ಮಾತನ್ನು ಐರೋಪ್ಯ ಆಯೋಗದ ಆಗಿನ ಅಧ್ಯಕ್ಷ ಬರೋಸೊ ಅವರೂ ಆಡಿದರು. ಶೇ 55ರಷ್ಟು ಮತ ಬ್ರಿಟನ್ ಪರ ಬಿತ್ತು. ಎರಡು ವರ್ಷ ತುಂಬುವ ಮೊದಲೇ, ಬ್ರಿಟನ್ನಿನಲ್ಲಿ ಉಳಿದ ತಪ್ಪಿಗೇ ಆ ಸದಸ್ಯತ್ವಕ್ಕೆ ಕುತ್ತು ಬಂತು. ಸ್ಕಾಟ್ಲೆಂಡ್‌ನ 32 ಸ್ಥಳೀಯಾಡಳಿತ ಪ್ರದೇಶಗಳಲ್ಲಿ ಒಂದರಲ್ಲಿಯೂ ಬ್ರೆಕ್ಸಿಟ್ ಪರ ಬಹುಮತ ಬಂದಿರಲಿಲ್ಲ. ಮೋಸಹೋದೆವು ಎಂದು ಅವರಿಗೆ ಅನಿಸದಿದ್ದರೆ ಅದೇ ಆಶ್ಚರ್ಯ.

ಆದರೆ ಆ ಶೇ 62ನ್ನು ನೀವು ಸ್ವಾತಂತ್ರ್ಯದ ಪರ ಬಿದ್ದ ಮತವೆಂದು ಓದಿದ್ದೀರಿ. ಅದನ್ನು ನಾನು ಒಪ್ಪಲಾರೆ. ಅವರಲ್ಲಿ ಲಂಡನ್ನೂ ಬೇಕು, ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸೂ ಬೇಕು ಎನ್ನುವವರು ಬಹಳ ಮಂದಿ ಇದ್ದರು. ಇನ್ನೊಂದು ಕಡೆ, ಸ್ವಾತಂತ್ರ್ಯ ಬೇಕೆನ್ನುವವರಲ್ಲೇ ಬ್ರೆಕ್ಸಿಟ್‌ಗೆ ಮತ ಹಾಕಿದವರು ಕಡಿಮೆಯೇನಿರಲಿಲ್ಲ. ಈಶಾನ್ಯದ ಮೊರೆ ಪ್ರದೇಶದಲ್ಲಿ ‘ಉಳಿಯೋಣ’ ಎಂದವರು ಗೆದ್ದದ್ದು ಬರೀ 122 ಮತಗಳ ಅಂತರದಿಂದ. ತಮ್ಮ ಕಡಲಿನಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂದು ಬ್ರಸೆಲ್ಸ್ ಗೊತ್ತುಮಾಡುವುದು ಆ ಕರಾವಳಿಯ ಮೀನುಗಾರರಿಗೆ ನುಂಗಲಾರದ ತುತ್ತಾಗಿತ್ತು. ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಕೈಕೆಳಗೆ ಹೋಗುವುದು ಯಾವ ಸೀಮೆಯ ಸ್ವಾತಂತ್ರ್ಯ ಎಂದು ಅವರು ಕೇಳಿದರೆ ಉತ್ತರ ಸುಲಭವಲ್ಲ. 2017ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ಸರ್ಕಾರದ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಎರಡನೆಯ ಜನಮತಗಣನೆ ಕೇಳಿದರು, ಪ್ರಧಾನಿ ತೆರೇಸಾ ಮೇ ಇದು ಸಮಯವಲ್ಲ ಎಂದರು. ಜನ ಸ್ಟರ್ಜನ್ ಬೆನ್ನಿಗೆ ನಿಂತರೇ? ಜೂನ್ ಚುನಾವಣೆಯಲ್ಲಿ ಸ್ವಾತಂತ್ರ್ಯ ಬಯಸುವ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, 2015ರಲ್ಲಿ ಗೆದ್ದಿದ್ದ 56 ಸ್ಥಾನಗಳಿಂದ 35ಕ್ಕೆ ಇಳಿಯಿತು. ಮೊರೆ ಕ್ಷೇತ್ರವೂ ಪಕ್ಷದ ಕೈತಪ್ಪಿತು. ಅದೇ ಸೀಮೆಯ ಗಾರ್ಡನ್ ಕ್ಷೇತ್ರದಲ್ಲಿ, 2014ರ ಸ್ವಾತಂತ್ರ್ಯ ಹೋರಾಟದ ಮುಂದಾಳು ಅಲೆಕ್ಸ್ ಸ್ಯಾಮಂಡ್ ಅವರೇ ಸೋತರು.

ಲಂಡನ್ನಿನ ಹಟ ಸುಳ್ಳಲ್ಲ. 2014ರ ಮತದಾನ ನಡೆದದ್ದು ಡೇವಿಡ್ ಕ್ಯಾಮರನ್ ಸರ್ಕಾರ ಒಪ್ಪಿಗೆ ಕೊಟ್ಟದ್ದರಿಂದ. ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡ್ ಸಂಸತ್ತು ತಾನೇ ಜನಮತಗಣನೆ ನಡೆಸುವಂತಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರ್ 23ರಂದು ಒಮ್ಮತದಿಂದ ತೀರ್ಪಿತ್ತಿತು. 1998ರ ಸ್ಕಾಟ್ಲೆಂಡ್ ಕಾಯ್ದೆ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಸ್ಕಾಟ್ಲೆಂಡ್–ಇಂಗ್ಲೆಂಡ್ ಒಂದಾಗಿರುವ ವಿಷಯ ವೆಸ್ಟ್‌ಮಿನ್‌ಸ್ಟರ್‌ಗೆ, ಅಂದರೆ ಬ್ರಿಟನ್ ಸಂಸತ್ತಿಗೆ, ಮೀಸಲು. ನನಗೆ ಅನ್ಯಾಯವೆನಿಸುವುದು ಬೇರೊಂದು. ಉತ್ತರ ಐರ್ಲೆಂಡ್‌ನಲ್ಲಿ ಬಹುಮತ ಐರ್ಲೆಂಡ್ ಜೊತೆ ಸೇರಲು ಬಯಸುವ ಸಾಧ್ಯತೆ ಕಂಡರೆ ಮತದಾನ ನಡೆಸಲೇಬೇಕೆಂದು ಅದೇ 1998ರಲ್ಲಿ ಕಾನೂನಿನಲ್ಲಿ ಬರೆದಿಟ್ಟರು. ಸ್ಕಾಟ್ಲೆಂಡ್‌ಗೆ ಅಂಥ ಒಂದು ಸಾಲೂ ಇಲ್ಲ. ಎಷ್ಟು ಜನ, ಎಷ್ಟು ಸಲ, ಯಾವ ರೀತಿ ಕೇಳಿದರೆ ಕೊಡುತ್ತೀರಿ ಎಂದರೆ ಲಂಡನ್ ಬಾಯಿ ಬಿಡುವುದಿಲ್ಲ.

ಇಷ್ಟಾದರೂ ಎಲ್ಲವನ್ನೂ ಲಂಡನ್ನಿನ ತಲೆಗೆ ಕಟ್ಟಲಾಗದು. ಬೇರೆಯಾಗಲು ಬ್ರೆಕ್ಸಿಟ್ ಒಳ್ಳೆಯ ಕಾರಣ ಕೊಟ್ಟಿತು, ಬೇರೆಯಾಗುವ ಕೆಲಸವನ್ನು ಮಾತ್ರ ಇಮ್ಮಡಿ ಕಷ್ಟ ಮಾಡಿತು. 2014ರಲ್ಲಿ ಎರಡೂ ದೇಶಗಳು ಒಕ್ಕೂಟದ ಒಳಗೇ ಇರುತ್ತವೆ, ಗಡಿ ನಕ್ಷೆಯ ಮೇಲಿನ ಗೆರೆಯಾಗಿಯೇ ಉಳಿಯುತ್ತದೆ ಎಂದು ನಂಬಬಹುದಿತ್ತು. ಈಗ ಸ್ಕಾಟ್ಲೆಂಡ್ ಒಕ್ಕೂಟ ಸೇರಿ ಇಂಗ್ಲೆಂಡ್ ಹೊರಗುಳಿದರೆ ಆ ಗೆರೆಯ ಮೇಲೆ ಸುಂಕದ ಕಟ್ಟೆ ಏಳಬೇಕಾಗುತ್ತದೆ. ಗ್ರೆಟ್ನಾ ಬಳಿ ಸಾರ್ಕ್ ಎಂಬ ಸಣ್ಣ ನದಿಯೇ ಗಡಿ. ಹೆದ್ದಾರಿಯಲ್ಲಿ ಲಾರಿಗಳು ವೇಗ ತಗ್ಗಿಸದೆ ಅದನ್ನು ದಾಟುತ್ತವೆ. ಪೂರ್ವ ತುದಿಯ ಬೆರಿಕ್ ಇಂಗ್ಲೆಂಡ್‌ನ ಊರು, ಅದರ ಫುಟ್‌ಬಾಲ್ ಕ್ಲಬ್ ಆಡುವುದು ಸ್ಕಾಟ್ಲೆಂಡ್‌ನ ಲೀಗ್‌ಗಳಲ್ಲಿ. ಸ್ಕಾಟ್ಲೆಂಡ್ ಹೊರಗೆ ಮಾರುವ ಸರಕು ಮತ್ತು ಸೇವೆಗಳಲ್ಲಿ ಸುಮಾರು ಶೇ 60 ಬ್ರಿಟನ್ನಿನ ಉಳಿದ ಭಾಗಗಳಿಗೇ ಹೋಗುತ್ತದೆ. ಐರೋಪ್ಯ ಒಕ್ಕೂಟಕ್ಕೆ ಹೋಗುವುದು ಐದರಲ್ಲೊಂದು ಪಾಲಿನ ಆಸುಪಾಸು. ಕಳೆದುಹೋದ ಮಾರುಕಟ್ಟೆಗಾಗಿ ಅಳುವವರು ಕಳೆದುಕೊಳ್ಳಲಿರುವ ಮಾರುಕಟ್ಟೆಯ ಲೆಕ್ಕವನ್ನೂ ಹಾಕಬೇಕಲ್ಲ.

ಚೆಕೊಸ್ಲೊವಾಕಿಯಾದ ಮಾತು. ಅಲ್ಲಿ ಎರಡೂ ಕಡೆಯ ನಾಯಕರು ಕುಳಿತು ಇತ್ಯರ್ಥ ಮಾಡಿಕೊಂಡರು, ಜನರನ್ನು ಕೇಳಲೇ ಇಲ್ಲ. ಜನಮತದ ಹೆಸರಿನಲ್ಲಿ ಬರೆದ ಪತ್ರಕ್ಕೆ ಅದು ಒಳ್ಳೆಯ ಸಾಕ್ಷಿಯಲ್ಲ. ಇನ್ನೂ ಒಂದು ಸಂಗತಿಯಿದೆ. 1993ರ ಜನವರಿ 1ರಂದು ಬೇರೆಯಾದಾಗ ಕೆಲಕಾಲ ಒಂದೇ ನಾಣ್ಯ ಬಳಸೋಣ ಎಂದು ಒಪ್ಪಿದ್ದರು. ಹಣ ಸ್ಲೊವಾಕಿಯಾದಿಂದ ಚೆಕ್ ಗಣರಾಜ್ಯದ ಬ್ಯಾಂಕುಗಳತ್ತ ಹರಿಯತೊಡಗಿತು. ಫೆಬ್ರುವರಿ 8ಕ್ಕೆ ಆ ಏರ್ಪಾಡು ಮುಗಿಯಿತು. 2014ರಲ್ಲಿ ಸ್ಯಾಮಂಡ್ ಅವರೂ ಪೌಂಡನ್ನು ಹಂಚಿಕೊಳ್ಳೋಣ ಎಂದಿದ್ದರು, ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಸಾಧ್ಯವಿಲ್ಲ ಎಂದರು. ಎಡಿನ್‌ಬರೊದ ಬ್ಯಾಂಕುಗಳು ಇಂದಿಗೂ ತಮ್ಮದೇ ನೋಟು ಅಚ್ಚುಹಾಕುತ್ತವೆ, ಆದರೆ ಆ ನೋಟಿನ ಬೆನ್ನಿಗಿರುವುದು ಬ್ಯಾಂಕ್ ಆಫ್ ಇಂಗ್ಲೆಂಡ್. ಉತ್ತರ ಸಮುದ್ರದ ತೈಲದ ಆಸೆಯೂ ಹಾಗೆಯೇ. ಬ್ಯಾರಲ್‌ಗೆ 110 ಡಾಲರ್ ಸಿಗುತ್ತದೆಂದು ಲೆಕ್ಕ ಹಾಕಿದ್ದರು, 2016ರ ಜನವರಿಯಲ್ಲಿ ಬೆಲೆ 30 ಡಾಲರ್‌ಗಿಂತ ಕೆಳಗಿತ್ತು.

ಹಾಗೆಂದು ಕಥೆ ಮುಗಿಯಿತೇ? ಇಲ್ಲ. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ದಕ್ಕಿದ್ದು 57ರಲ್ಲಿ 9 ಸ್ಥಾನ ಮಾತ್ರ. ಆದರೆ ಸಮೀಕ್ಷೆಗಳಲ್ಲಿ ಸ್ವಾತಂತ್ರ್ಯದ ಪರ ಇರುವವರ ಪ್ರಮಾಣ ಅದೇ ವೇಗದಲ್ಲಿ ಇಳಿಯಲಿಲ್ಲ, ಅರ್ಧದ ಆಚೀಚೆ ನಿಂತಿತು. ಕಿರಿಯರಲ್ಲಿ ಬೆಂಬಲ ಹೆಚ್ಚು. ಲಂಡನ್ನಿನಲ್ಲಿ ಹಬ್ಬ ಆಚರಿಸಿದವರಿಗೆ ಇದು ಕಾಣುವುದಿಲ್ಲ, ನಿಮ್ಮಂತೆ ಖಚಿತ ಎನ್ನುವವರಿಗೆ ಆ 9 ಕಾಣುವುದಿಲ್ಲ.

ಅಬರ್ಡೀನ್‌ನಲ್ಲಿರುವ ನಿಮ್ಮ ಮಗಳು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಎರಡೂ ಜನಮತಗಣನೆಗಳಲ್ಲಿ ಮತ ಹಾಕಿದ್ದು ಹೇಗೆಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಆ ಹಕ್ಕಿದೆ. ಪೋಲೆಂಡ್‌ನಿಂದ ಬಂದು ನೆಲೆಸಿದವರಿಗೆ 2014ರಲ್ಲಿ ಮತವಿತ್ತು, ಅವರ ಬದುಕನ್ನೇ ಅಲುಗಿಸಿದ 2016ರಲ್ಲಿ ಇರಲಿಲ್ಲ. ಲಂಡನ್‌ವಾಸಿ ಸ್ಕಾಟರಿಗೆ ಸರಿಯಾಗಿ ಇದರ ತಿರುವುಮುರುವು. ಮುಂದೊಮ್ಮೆ ಮತದಾನ ನಡೆದರೆ ಮೊದಲ ಜಗಳ ಮತದಾರರ ಪಟ್ಟಿಯದೇ ಆದೀತು. ನಿಮ್ಮ ಮಗಳು ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸದಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ.

– ಸಂ.